ಕಂಬಳಿಯ ಮುಳ್ಳು ಆಯುತ್ತಿದ್ದ ಮೇಡಂ

ಮೂರು ತಗಡಿನ ಡಬ್ಬಗಳಿಗೆ ಎರಡು ಸಾವಿರದ ಇನ್ನೂರು ರೂಪಾಯಿ ಕೊಟ್ಟೆ, ಮೇಲೆ ಒಂದು ಕರಿ ಕಂಬಳಿ. ಜಾಸ್ತಿಯಾಯಿತು, ಗೊತ್ತು. ಬೇರೆ ದಿನವಾಗಿದ್ದರೆ ನೂರೈವತ್ತಕ್ಕೆ ಮೂರನ್ನೂ ಎತ್ತಿಕೊಂಡು ಬರುತ್ತಿದ್ದೆ. ನಲವತ್ತು ವರ್ಷದಿಂದ ಚಿಕ್ಕಪೇಟೆಯಲ್ಲಿ ವ್ಯಾಪಾರ ಮಾಡುತ್ತಿರುವವನು ನಾನು. ಕೊಳ್ಳುವ ಸಾಮಾನಿನ ಮೇಲಿನ ಆಸೆ ಮುಖದಲ್ಲಿ ಕಾಣಬಾರದು ಅಂತ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ಆದರೆ ಚಾಮರಾಜಪೇಟೆಯ ಆ ಮನೆ ಬಾಗಿಲಲ್ಲಿ ಹಳೇ ಪೇಪರಿನವನ ತಕ್ಕಡಿ ಮೇಲೆ ಡಬ್ಬ ಕೂತಿದ್ದನ್ನು ನೋಡಿದ ತಕ್ಷಣ "ಅಯ್ಯೋ, ಅದನ್ನ ಇಳಿಸಪ್ಪಾ!" ಅಂತ ಕೂಗಿಬಿಟ್ಟೆ. ಅಲ್ಲಿಗೆ ನನ್ನ ವ್ಯಾಪಾರ ಮುಗಿಯಿತು.

"ಒಳಗೇನಿದೆ ಸಾರ್?" ಅಂದ ಅವನು.

"ಏನಿಲ್ಲಪ್ಪಾ. ಹುಲ್ಲಿನ ಬೀಜ, ಮುಳ್ಳು."

"ಮುಳ್ಳಿಗೆ ಇಷ್ಟು ಗಾಬರಿ ಬೀಳ್ತಾರಾ ಯಾರಾದ್ರೂ?"

ಮನೆ ಖಾಲಿ ಮಾಡಿಸುತ್ತಿದ್ದ ಹುಡುಗಿ, ತೀರಿಹೋದವರ ಅಕ್ಕನ ಮಗಳು, ಪಾಪ, ಸಂಕೋಚದಿಂದ ನಿಂತಿದ್ದಳು. "ಅಂಕಲ್, ನನಗೆ ಗೊತ್ತಿರ್ಲಿಲ್ಲ. ಎಲ್ಲಾ ಸೇರಿಸಿ ಅವರಿಗೆ ಮಾತಾಡಿಬಿಟ್ಟೆ" ಅಂದಳು. ಮಾತು ಆಡಿದ ಮೇಲೆ ಆಡಿದ ಹಾಗೆ. ಆ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ ಬೆಲೆ ಹೇಳಿದ. ಅರ್ಧ ಗಂಟೆ ಎಳೆದಾಡಿದೆ, ಎರಡು ಸಲ ಹೊರಟುಹೋಗುವ ಹಾಗೆ ಮಾಡಿದೆ. ಕೊನೆಗೆ ನನ್ನದು ಕಂಬಳಿ ಅಂಗಡಿ ಅಂತ ಗೊತ್ತಾಗಿ, "ಹಂಗಾದ್ರೆ ನಮ್ಮವ್ವಂಗೂ ಒಂದು" ಅಂತ ಸೇರಿಸಿಕೊಂಡ. ಕೆಟ್ಟ ವ್ಯಾಪಾರ. ಆದರೂ ಆಟೋದಲ್ಲಿ ಡಬ್ಬಗಳನ್ನು ತೊಡೆ ಮೇಲೆ ಇಟ್ಟುಕೊಂಡು ಬರುವಾಗ ಗೆದ್ದವನ ಹಾಗೆ ಕೂತಿದ್ದೆ. ಯಾಕೆ ಅಂತ ಬರೆಯೋಣ ಅಂತ ಕೂತಿದ್ದೇನೆ. ಬರೆದು ಮುಗಿಸುವ ಹೊತ್ತಿಗೆ ನನಗೂ ಅರ್ಥವಾದರೆ ಪುಣ್ಯ.

ಡಬ್ಬದಲ್ಲಿರುವುದು ಪೊಟ್ಟಣಗಳು. ನನ್ನ ಅಂಗಡಿಯದೇ ಹಳೇ ಬಿಲ್ಲಿನ ಹಾಳೆಗಳನ್ನು ನಾಲ್ಕಾಗಿ ಹರಿದು, ಹಿಂದಿನ ಕಾಲದಲ್ಲಿ ಡಾಕ್ಟರು ಪುಡಿ ಕಟ್ಟಿ ಕೊಡುತ್ತಿದ್ದರಲ್ಲ, ಹಾಗೆ ಮಡಚಿದ್ದು. ಒಂದೊಂದರಲ್ಲೂ ಒಂದು ಚಿಟಿಕೆ ಮುಳ್ಳು, ಬೀಜ, ಅಂಟುಕಾಯಿ. ಹದಿಮೂರು ವರ್ಷ ನನ್ನ ಅಂಗಡಿಯ ಜಗಲಿಯಲ್ಲಿ ಕೂತು ಅವರು ಕಂಬಳಿಗಳಿಂದ ಕಿತ್ತಿದ್ದು. ಅವರ ಹೆಸರು ಬೇಡ. ಬರೆದರೆ "ನನ್ನ ಹೆಸರು ನಿಮ್ಮ ಬಿಲ್ಲಿನಲ್ಲಿ ಬಂದಷ್ಟು ಸಾಕು" ಅನ್ನುತ್ತಿದ್ದರೇನೋ. ಬೀದಿಯವರೆಲ್ಲಾ ಮುಳ್ಳು ಮೇಡಂ ಅನ್ನುತ್ತಿದ್ದರು. ನಾನು ಬರೀ ಮೇಡಂ ಅನ್ನುತ್ತಿದ್ದೆ. ಅವರು ನನ್ನನ್ನು "ರೀ ಕಂಬಳಿ" ಅನ್ನುತ್ತಿದ್ದರು.

ಮೊದಲ ಸಲ ಬಂದಾಗ ಗಿರಾಕಿಯಾಗಿಯೇ ಬಂದರು. ಚಪ್ಪಲಿ ಬಿಟ್ಟು, ಗಾದಿ ಮೇಲೆ ಕೂತು, ಕನ್ನಡಕವನ್ನು ಹಣೆ ಮೇಲಕ್ಕೆ ಏರಿಸಿ, ಕಂಬಳಿಯನ್ನು ಮೂಗಿಗೆ ಹಿಡಿದರು. ನಾನು ಒಂದೊಂದನ್ನೇ ಬಿಡಿಸಿ ಹಾಕುತ್ತಾ ಹೋದೆ. "ಇದು ಮೆತ್ತಗಿದೆ ಮೇಡಂ, ಇದು ಭಾರ, ಇದು ಪೂಜೆಗೆ ಆಗುತ್ತೆ." ಅವರು ಕೈಯಿಂದ ಸವರಿ ಸವರಿ, "ಎಲ್ಲಕ್ಕಿಂತ ಜಾಸ್ತಿ ಮುಳ್ಳಿರೋದು ಯಾವುದು? ಅದು ಕೊಡಿ" ಅಂದರು.

ಬೆಲೆ ಇಳಿಸಲು ಹೊಸ ಉಪಾಯ ಇರಬೇಕು ಅಂದುಕೊಂಡೆ. ಮುಳ್ಳಿನ ಮಾಲಿಗೆ ಯಾರು ಪೂರ್ತಿ ಬೆಲೆ ಕೊಡುತ್ತಾರೆ? ಅವರು ನಾನು ಕೇಳಿದಷ್ಟೂ ಎಣಿಸಿ ಕೊಟ್ಟರು. ನನಗೆ ಅವತ್ತೇ ತಲೆ ಕೆಟ್ಟಿತು.

ಮುಳ್ಳಿನ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕುರಿ ಮೇಯುವಾಗ ಹುಲ್ಲಿನ ಬೀಜ, ನೆಗ್ಗಿಲು ಮುಳ್ಳು, ಉತ್ತರಾಣಿ ಎಲ್ಲಾ ಅದರ ಉಣ್ಣೆಗೆ ಅಂಟಿಕೊಳ್ಳುತ್ತವೆ. ಉಣ್ಣೆ ಕತ್ತರಿಸಿ, ಬಿಡಿಸಿ, ನೂತು, ನೇಯ್ದು, ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿದ ಮೇಲೂ ಕೆಲವು ಒಳಗೇ ಉಳಿದಿರುತ್ತವೆ. ಹೊದ್ದವರ ಬೆನ್ನಿಗೆ ಚುಚ್ಚಿದರೆ ಕಂಬಳಿ ಅಂಗಡಿಗೆ ವಾಪಸ್. ಅದಕ್ಕೇ ಮಾರುವ ಮುಂಚೆ ಕೂರಿಸಿ ಆಯಿಸುತ್ತೇವೆ. ನಮ್ಮಲ್ಲಿ ಆಯುತ್ತಿದ್ದ ಮುದುಕಿ ಮಗಳ ಊರಿಗೆ ಹೋಗಿ ಆರು ತಿಂಗಳಾಗಿತ್ತು, ಮಾಲು ಹಾಗೇ ಬಿದ್ದಿತ್ತು. ಮೇಡಂ ಅದನ್ನು ನೋಡಿದರು.

"ನಾನು ಬಿಟ್ಟಿ ಆಯ್ತೀನಿ. ಬುಧವಾರ ಬುಧವಾರ ಬರ್ತೀನಿ. ಮುಳ್ಳು ನನಗೆ" ಅಂದರು.

"ಮತ್ತೇನು ಬೇಕು ಮೇಡಂ?" ಬಿಟ್ಟಿ ಅಂದ ಕೂಡಲೇ ನನಗೆ ಅನುಮಾನ.

"ಅರ್ಧ ಲೋಟ ಕಾಫಿ. ಮತ್ತೆ, ಯಾವ ಕಂಬಳಿ ಯಾವ ಊರಿಂದ ಬಂತು ಅಂತ ಸುಳ್ಳು ಹೇಳಬಾರದು."

ಎರಡನೆಯದು ಕಷ್ಟವಾಯಿತು. ನಮ್ಮ ವ್ಯಾಪಾರದಲ್ಲಿ ಎಲ್ಲಾ ಕಂಬಳಿಯೂ ಚಳ್ಳಕೆರೆಯದೇ. ಗಿರಾಕಿಗೆ ಆ ಹೆಸರು ಕೇಳಿದರೆ ಸಮಾಧಾನ. ಎರಡನೇ ಬುಧವಾರ ಒಂದು ಕಟ್ಟು ಬಿಚ್ಚಿ "ಇದೂ ಅಲ್ಲಿದೇ" ಅಂದೆ. ಅವರು ಚಿಮಟದಿಂದ ಒಂದು ಅಂಟುಕಾಯಿ ಕಿತ್ತು, ಭೂತಗನ್ನಡಿಯಲ್ಲಿ ನೋಡಿ, ನನ್ನ ಅಂಗೈ ಮೇಲೆ ಇಟ್ಟರು. "ಇದು ಕೆರೆ ಪಕ್ಕ ಬೆಳೆಯೋ ಗಿಡ ಕಣ್ರೀ. ನಿಮ್ಮ ಕುರಿ ಚಳ್ಳಕೆರೇಲಿ ಯಾವ ಕೆರೇಲಿ ಈಜ್ತಿತ್ತು?" ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳ ಎದುರಿಗೆ ಹೇಳಿಬಿಟ್ಟರು. ಆಮೇಲೆ ನಾನು ಅವರಿಗೆ ಸುಳ್ಳು ಹೇಳಲಿಲ್ಲ. ಗಿರಾಕಿಗಳಿಗೆ ಹೇಳಿದ್ದು ಬೇರೆ ಲೆಕ್ಕ.

ಅವರು ಮಣ್ಣು ಪರೀಕ್ಷೆ ಮಾಡುವ ಸರ್ಕಾರಿ ಲ್ಯಾಬಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಮದುವೆಯಾಗಿರಲಿಲ್ಲ, ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ನನ್ನ ಮನೆ ಸಮಾಚಾರ ಕೇಳಲಿಲ್ಲ. ಚಾಮರಾಜಪೇಟೆಯಿಂದ ನಡೆದೇ ಬರುತ್ತಿದ್ದರು. ಒಂದು ಸ್ಟಾಪು ಮೆಟ್ರೋದಲ್ಲಿ ಬನ್ನಿ ಅಂದರೆ, "ಆ ಮೆಟ್ಟಿಲು ಇಳಿದು ಹತ್ತೋಷ್ಟರಲ್ಲಿ ಇಲ್ಲೇ ಇರ್ತೀನಲ್ಲ" ಅನ್ನುವರು. ಹಮಾಲಿಗಳು ಅವರಿಗೆ ದಾರಿ ಬಿಡುತ್ತಿದ್ದರು. ನಾನೂ ಶ್ರೀರಾಂಪುರದಿಂದ ಬಂದು ಇದೇ ಬೀದಿಯಲ್ಲಿ ತಲೆ ಮೇಲೆ ಮೂಟೆ ಹೊತ್ತವನು. ಹಮಾಲಿಗಳು ಸುಮ್ಮಸುಮ್ಮನೆ ಯಾರಿಗೂ ದಾರಿ ಬಿಡುವುದಿಲ್ಲ, ಅದು ನನಗೆ ಗೊತ್ತು.

ಅವರ ಬಾಯಲ್ಲಿ ನನಗೆ ಅರ್ಥವಾಗದೇ ಉಳಿದ ಮಾತು ಒಂದೇ: "ಗೊತ್ತಿಲ್ಲ." ಅದನ್ನು ಅವರು ಸಂತೋಷವಾಗಿ ಹೇಳುತ್ತಿದ್ದರು, ಹೊಸ ಸೀರೆ ತೋರಿಸುವವರ ಹಾಗೆ. ನಮ್ಮ ಬೀದಿಯಲ್ಲಿ ಗೊತ್ತಿಲ್ಲ ಅಂದವನ ಅಂಗಡಿಗೆ ಎರಡನೇ ಸಲ ಯಾರೂ ಕಾಲಿಡುವುದಿಲ್ಲ.

ವರ್ಷ ಕಳೆದಂತೆ ಮುಳ್ಳು ಬದಲಾಗುತ್ತಿದೆ ಅಂತ ಅವರು ಹೇಳತೊಡಗಿದರು. ಮೊದಮೊದಲು ನನ್ನ ಕಂಬಳಿಗಳಲ್ಲಿ ಸೂಜಿಯ ಹಾಗಿರುವ ಹುಲ್ಲಿನ ಬೀಜ ಬೇಕಾದಷ್ಟು ಇರುತ್ತಿತ್ತಂತೆ. ಅದು ವರ್ಷ ವರ್ಷ ಬೇರಿನಿಂದಲೇ ಚಿಗುರುವ ಗಟ್ಟಿ ಹುಲ್ಲು. ಆಮೇಲೆ ಅದು ಕಡಿಮೆಯಾಗಿ, ಒಂದು ಮಳೆಗೆ ಹುಟ್ಟಿ ಒಂದು ಬಿಸಿಲಿಗೆ ಸಾಯುವ ಹುಲ್ಲುಗಳ ಬೀಜ, ಬರೀ ನೆಗ್ಗಿಲು.

"ಯಾಕೆ ಮೇಡಂ? ಮಳೆ ಕಮ್ಮಿ ಆಯ್ತಾ?"

"ಬಿಸಿಲು ಜಾಸ್ತಿ ಆಯ್ತು. ಅಷ್ಟೇ ಮಳೆ ಬಿದ್ರೂ ನೆಲದಲ್ಲಿ ನಿಲ್ಲಲ್ಲ, ಗಾಳಿ ಎಳ್ಕೊಂಡ್ಬಿಡುತ್ತೆ."

"ಹಾಗಾದ್ರೆ ಬಿಸಿಲಿಂದು ತಪ್ಪು."

"ಹುಲ್ಲುಗಾವಲು ಉತ್ತರು, ಬೇಲಿ ಹಾಕಿದ್ರು, ಉಳಿದ ಚೂರು ಜಾಗಕ್ಕೆ ಎಲ್ಲಾ ಕುರಿ ನುಗ್ತು."

"ಹಾಗಾದ್ರೆ ಜನದ್ದು. ಅರ್ಧ ಬಿಸಿಲಿಂದು, ಅರ್ಧ ಜನದ್ದು ಅಂತ ಇಟ್ಕೊಳ್ಳೋಣ್ವಾ?"

"ಇಲ್ಲ ರೀ ಕಂಬಳಿ, ಅದು ಹಾಗೆ ಪಾಲಾಗಲ್ಲ."

ಹೊತ್ತಿಗೆ ಸರಿಯಾಗಿ ಬಸವನಗುಡಿಯ ಒಬ್ಬರು ಮುದುಡಿಹೋದ ಕಂಬಳಿ ಹಿಡಿದುಕೊಂಡು ಜಗಳಕ್ಕೆ ಬಂದರು. ಹಾಸಿಗೆಯಗಲ ಇದ್ದದ್ದು ಟವಲ್ಲಿನಷ್ಟಾಗಿತ್ತು, ಹಲಗೆಯ ಹಾಗೆ ಬಿಗಿದಿತ್ತು. ನಾನು ದಿನಾ ಹೇಳುವ ಮಾತನ್ನೇ ಹೇಳಿದೆ: "ಸ್ವಾಮಿ, ಬಿಸಿನೀರಲ್ಲಿ ಸುಮ್ಮನೆ ನೆನೆಸಿಟ್ಟಿದ್ರೆ ಇಷ್ಟು ಆಗ್ತಿರ್ಲಿಲ್ಲ. ತಣ್ಣೀರಲ್ಲಿ ಉಜ್ಜಿದ್ರೂ ಇಷ್ಟು ಆಗ್ತಿರ್ಲಿಲ್ಲ. ನೀವು ಬಿಸಿನೀರಲ್ಲಿ ಹಾಕಿ ಉಜ್ಜಿದೀರ. ಎರಡೂ ಸೇರಿದ್ರೆ ಎಳೆಗೆ ಎಳೆ ಕಚ್ಕೊಂಡ್ಬಿಡುತ್ತೆ, ಇನ್ನು ಎಷ್ಟು ಎಳೆದ್ರೂ ವಾಪಸ್ ಬರಲ್ಲ. ತಪ್ಪು ನಿಮ್ಮದೇ." ಅವರು ಬಯ್ದುಕೊಂಡು ಹೋದರು. ತಿರುಗಿ ನೋಡಿದರೆ ಮೇಡಂ ಚಿಮಟ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಾರೆ.

"ಇನ್ನೊಂದ್ ಸಲ ಹೇಳಿ" ಅಂದರು. ಹೇಳಿದೆ. ಬಿಲ್ಲಿನ ಹಿಂದೆ ಬರೆದುಕೊಂಡರು. "ಮೂವತ್ತು ವರ್ಷ ಆಫೀಸಿನಲ್ಲಿ ಸಾಹೇಬರಿಗೆ ಇದನ್ನೇ ಹೇಳೋಕೆ ಒದ್ದಾಡ್ದೆ. ಒಂದು ಕಂಬಳಿ ತಗೊಂಡ್ ಹೋಗಿದ್ರೆ ಆಗ್ತಿತ್ತು."

ನಾನು ಹಿಗ್ಗಿದೆ. ಹಿಗ್ಗಿದೆನೇ ಹೊರತು ಹೇಳಿದ್ದನ್ನು ನಾನೇ ತಲೆಗೆ ಹಾಕಿಕೊಳ್ಳಲಿಲ್ಲ. ಮುಂದಿನದು ಕೇಳಿ.

ಚಳ್ಳಕೆರೆ ಕಡೆಯಿಂದ ನನಗೆ ಮಾಲು ತರುತ್ತಿದ್ದವನು ಈರಣ್ಣ. ಅವನದೇ ಕುರಿ, ಅವನ ಹೆಂಡತಿ ನೂಲುತ್ತಾಳೆ, ಅವನು ನೇಯುತ್ತಾನೆ. ಒಂದು ಸಲ ಬಂದವನು ಕಟ್ಟು ಇಳಿಸಿ, "ಸಾವ್ಕಾರ್ರೇ, ನಮ್ಮೂರ ಕಾವಲಿಗೆ ಅಂಟಿಕೊಂಡು ಹನ್ನೆರಡೆಕರೆ ಮಾರಕ್ಕೈತೆ, ನೀವು ತಗಂಬುಡಿ" ಅಂದ. ಕಾವಲು ಅಂದರೆ ದನ ಕುರಿ ಮೇಯಲು ಬಿಟ್ಟ ಹುಲ್ಲುಗಾವಲು.

"ನನಗ್ಯಾಕಯ್ಯಾ?"

"ನಮ್ ಕುರಿ ಆ ಹೊಲದ ಮ್ಯಾಲೆ ಹಾದು ಕಾವಲಿಗೋಗೋದು. ಬ್ಯಾರೆಯೋರು ತಗಂಡ್ರೆ ಬೇಲಿ ಹಾಕ್ಬುಡ್ತಾರೆ. ನೀವಾದ್ರೆ ಹಾಕಲ್ಲ."

ಬೆಲೆ ಚೆನ್ನಾಗಿತ್ತು. ಕೊಂಡೆ. ಕೊಂಡ ಮೇಲೆ ಸುಮ್ಮನೆ ಇರುವುದು ನನ್ನ ಜಾಯಮಾನವಲ್ಲ. ಖಾಲಿ ಬಿದ್ದಿದೆಯಲ್ಲ, ನಾಲ್ಕು ಗಿಡ ನೆಟ್ಟರೆ ನೆಲಕ್ಕೂ ಒಳ್ಳೆಯದು, ಕಣ್ಣಿಗೂ ಒಳ್ಳೆಯದು ಅಂತ ಟ್ರ್ಯಾಕ್ಟರ್ ತರಿಸಿ ಉಳುಮೆ ಮಾಡಿಸಿದೆ. ಎಂಟೆಕರೆ ಉತ್ತ ಮೇಲೆ ಡ್ರೈವರ್ ಕೈಚೆಲ್ಲಿದ. ಉಳಿದ ನಾಲ್ಕರಲ್ಲಿ ದೊಡ್ಡ ಹುತ್ತ, ಸುತ್ತ ಕಲ್ಲು. "ಹುತ್ತದ ಮೇಲೆ ಹಾಯ್ಸಲ್ಲ ಸಾರ್" ಅಂದ. ಮೇಡಂಗೆ ಹೆಮ್ಮೆಯಿಂದ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

"ಉತ್ತಾಯ್ತಾ?"

"ಆಯ್ತು ಮೇಡಂ. ನಾನೂರು ಸಸಿ."

ಅವತ್ತು ಪೊಟ್ಟಣವನ್ನೂ ಕಟ್ಟದೆ ಬೇಗ ಎದ್ದು ಹೋದರು.

ಆ ವರ್ಷ ಮಳೆ ಒಂದೇ ಸಲ ಸುರಿದು ಎರಡು ತಿಂಗಳು ನಾಪತ್ತೆಯಾಯಿತು. ಸಸಿ ಒಣಗಿದವು. ಎಂಟೆಕರೆಯಿಂದ ಕೆಂಪು ಧೂಳು ಎದ್ದು ಪಕ್ಕದ ಊರಿನವರು ಬಾಗಿಲು ಹಾಕಿಕೊಳ್ಳುವ ಹಾಗಾಯಿತು ಅಂತ ಈರಣ್ಣ ಹೇಳಿದ. ನಾನು ಮೇಡಂ ಹತ್ತಿರ ಓಡಿದೆ. ಅವರು ಯೋಚಿಸಿ ಹೇಳಿದರು: "ಎರಡು ಮಳೆಗಾಲ ಬೇಲಿ ಹಾಕಿ ಬಿಡಿ. ಕುರೀನೂ ಬೇಡ, ನೀವೂ ಬೇಡ. ನೆಲ ಉಸಿರಾಡ್ಲಿ."

ಹಾಕಿಸಿದೆ. ಒಳ್ಳೇ ತಂತಿ, ಕಲ್ಲು ಕಂಬ. ಈರಣ್ಣನಿಗೆ ಹೇಳುವಾಗ ಅವನ ಮುಖ ನೋಡಲಾಗಲಿಲ್ಲ. "ಎರಡೇ ವರ್ಷ ಕಣಯ್ಯಾ." ಅವನು ಅಂಗಡಿ ಮೆಟ್ಟಿಲ ಮೇಲೆ ಕೂತು ನಕ್ಕ. "ಬ್ಯಾರೆಯೋರು ಹಾಕ್ತಾರಂತ ನಿಮಗೆ ಕೊಡ್ಸಿದ್ದು ಸಾವ್ಕಾರ್ರೇ." ಜಗಳವಾಡಿದ್ದರೆ ಸುಲಭವಿತ್ತು. ಅವನು ನಕ್ಕು, ಕಟ್ಟು ಇಳಿಸಿ, ಹೋದ.

ಎರಡನೇ ವರ್ಷದ ಮಾಲು ಬಂದಾಗ ನನಗೆ ಖುಷಿಯೋ ಖುಷಿ. ಕೈಯಾಡಿಸಿದರೆ ಒಂದು ಮುಳ್ಳೂ ಇಲ್ಲ. ಇಷ್ಟು ಚೊಕ್ಕವಾದ ಕಂಬಳಿ ನನ್ನ ಜೀವಮಾನದಲ್ಲೇ ಬಂದಿರಲಿಲ್ಲ. ಬುಧವಾರ ಮೇಡಂ ಮುಂದೆ ಹರಡಿ, "ಇವತ್ತು ನಿಮಗೆ ಕೆಲಸ ಇಲ್ಲ, ಬರೀ ಕಾಫಿ" ಅಂದೆ. ಅವರು ಒಂದು ಕಂಬಳಿ ಸವರಿದರು. ಎರಡನೆಯದು. ಕಟ್ಟಿನ ತಳದ ತನಕ ಎಲ್ಲಾ ಎಳೆದು ನೋಡಿದರು. ಚಿಮಟ ಕೈಯಲ್ಲೇ ಇತ್ತು.

"ಈರಣ್ಣನ ಕುರಿ ಎಲ್ಲಿ ಮೇಯ್ತಿವೆ?"

ಈರಣ್ಣ ಅಲ್ಲೇ ಇದ್ದ. "ಎಲ್ಲಮ್ಮಾ ಮೇಯ್ತವೆ? ಹೈವೇ ಪಕ್ಕದಾಗೆ ಸುತ್ತಾಕ್ಕೊಂಡು ಹೋಗ್ಬೇಕು. ಬಳ್ಳಾರಿ ಜಾಲಿ ಕಾಯಿ ತಿಂತವೆ, ಕೊಯ್ದ ಹೊಲದಾಗೆ ಕೂಳೆ ತಿಂತವೆ. ಲಾರಿಗೆ ನಾಲ್ಕು ಹೋದ್ವು. ಎಂಬತ್ತಿದ್ದವು, ಈಗ ಮೂವತ್ತೈದೈತೆ. ಇನ್ನೊಂದೆರಡು ಮಳೆಗಾಲ ಹಿಂಗೇ ಆದ್ರೆ ಮಾರ್ಬುಟ್ಟು ಯಾವ್ದಾದ್ರೂ ಗೇಟ್ ಕಾಯಕ್ಕೆ ಬತ್ತೀನಿ ನಿಮ್ಮ ಬೆಂಗ್ಳೂರಿಗೆ."

ನನಗೆ ಚೊಕ್ಕ ಮಾಲಿನ ಖುಷಿ ಇಳಿಯಿತು. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಆಮೇಲೆ, "ರೀ ಕಂಬಳಿ, ನಾನು ತಪ್ಪು ಹೇಳಿದೆ ಅನ್ಸುತ್ತೆ" ಅಂದರು.

ಮುಂದಿನ ವಾರವೇ ಮೂರೂ ಜನ ಹೊಲಕ್ಕೆ ಹೋದೆವು. ಬೇಲಿ ಒಳಗೆ ಕಾಲಿಟ್ಟ ಮೇಲೆ ನನ್ನ ಗೊಂದಲ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಮೇಡಂ ಉತ್ತ ಎಂಟೆಕರೆಯಲ್ಲಿ ಮಂಡಿಯೂರಿ ಕೂತು ಉಗುರಿನಿಂದ ನೆಲ ಕೆರೆದರು. ಮೇಲೆ ಹಪ್ಪಳದಂಥ ಪದರ. ಬಾಟ್ಲಿಯ ನೀರು ಸುರಿದರು. ನೀರು ಒಳಗೆ ಇಳಿಯದೆ ನನ್ನ ಚಪ್ಪಲಿ ಕಡೆಗೆ ಹರಿದು ಬಂತು. ಹುತ್ತದ ಪಕ್ಕದ ನಾಲ್ಕೆಕರೆಗೆ ಹೋಗಿ ಅದೇ ಬಾಟ್ಲಿಯಿಂದ ಸುರಿದರು. ನೆಲ ಗಟಗಟ ಕುಡಿಯಿತು.

"ಎರಡಕ್ಕೂ ಬಿದ್ದಿದ್ದು ಒಂದೇ ಮಳೆ" ಅಂದೆ. "ಹಾಗಾದ್ರೆ ಟ್ರ್ಯಾಕ್ಟರಿಂದೇ ತಪ್ಪು. ಆಯ್ತು, ಒಪ್ಕೊಂಡೆ."

"ಮೊದಲಿನ ಹಾಗೆ ಬಿಡುವು ಕೊಟ್ಟು ಮಳೆ ಬಂದಿದ್ರೆ ಉತ್ತ ಮೇಲೂ ಎದ್ಕೊಂಡಿರೋದು."

"ಹಾಗಾದ್ರೆ ಮಳೆದು."

"ಉಳದೇ ಇದ್ದಿದ್ರೆ ಈ ಮಳೇಲೂ ತಡ್ಕೊಂಡಿರೋದು. ಅಲ್ಲಿ ನೋಡಿ."

ಈರಣ್ಣ ಟವಲ್ ಕೊಡವಿದ. "ಅಮ್ಮಾ, ಯಾರ್ಗೆ ಬೈಬೇಕು ಒಂದೇ ಹೆಸ್ರು ಹೇಳ್ಬುಡಿ. ಬೈದು ಮನೀಗೋಗ್ತೀನಿ."

ಮೇಡಂ ನಕ್ಕರು. ಆದರೆ ನಾಲ್ಕೆಕರೆಯೂ ನಾನು ಅಂದುಕೊಂಡ ಹಾಗಿರಲಿಲ್ಲ. ಮೊದಲ ವರ್ಷ ಸೊಂಪಾಗಿ ಎದ್ದ ಹುಲ್ಲು ಯಾರೂ ಮೇಯದೆ ನಿಂತಲ್ಲೇ ಬೂದಿ ಬಣ್ಣಕ್ಕೆ ತಿರುಗಿ, ಬುಡದಲ್ಲಿ ಹೊಸ ಚಿಗುರಿಗೆ ಬೆಳಕೇ ಇಲ್ಲದ ಹಾಗೆ ಮುಚ್ಚಿಕೊಂಡಿತ್ತು. ಮಧ್ಯೆ ಮಧ್ಯೆ ಬಳ್ಳಾರಿ ಜಾಲಿ ತಲೆಯೆತ್ತಿತ್ತು. ಎಂಟೆಕರೆಯಲ್ಲಂತೂ ಜಾಲಿ ಬಿಟ್ಟರೆ ನೆಗ್ಗಿಲು. ನೂರು ಹೆಜ್ಜೆ ದೂರದಲ್ಲಿ ಹುಲ್ಲಿದೆ, ಬೀಜ ಇದೆ, ಆದರೆ ಈ ಕಡೆಗೆ ಬಂದೇ ಇಲ್ಲ.

"ಕುರಿ ಬರೀ ತಿನ್ನೋದಷ್ಟೇ ಅಂತ ಲೆಕ್ಕ ಹಾಕ್ದೆ" ಅಂದರು ಮೇಡಂ. "ಹತ್ತು ವರ್ಷ ಅದರ ಮೈಯಿಂದ ಬೀಜ ಕಿತ್ತಿದೀನಿ. ಅದು ಬೀಜ ಹೊತ್ಕೊಂಡು ಓಡಾಡುತ್ತೆ ಅಂತ ನನಗೇ ಹೊಳೀಲಿಲ್ಲ ನೋಡಿ. ಬೇಲಿ ತೆಗೀರಿ. ಪೂರ್ತಿ ಬೇಡ. ಸ್ವಲ್ಪ ದಿನ ಬಿಡಿ, ಸ್ವಲ್ಪ ದಿನ ತಡೀರಿ."

"ಎಷ್ಟು ದಿನ?"

"ಗೊತ್ತಿಲ್ಲ."

ನನಗೆ ಸಿಟ್ಟು ಬಂತು. ಮುಚ್ಚಿ ಅಂದವರೂ ಅವರೇ, ತೆಗೆಯಿರಿ ಅನ್ನುವವರೂ ಅವರೇ. ನಾಳೆ ಮತ್ತೆ ಮುಚ್ಚಿ ಅಂದರೆ? ವ್ಯಾಪಾರದಲ್ಲಿ ಹೀಗೆ ಮಾತು ತಿರುಗಿಸಿದರೆ ಬಾಳಿಕೆ ಬರುತ್ತದೆಯೇ? "ನೋಡೋಣ ಮೇಡಂ" ಅಂದೆ. ನೋಡೋಣ ಅಂದರೆ ಇಲ್ಲ ಅಂತ ಚಿಕ್ಕಪೇಟೆಯಲ್ಲಿ ಎಲ್ಲರಿಗೂ ಗೊತ್ತು; ಅವರಿಗೂ ಗೊತ್ತಿತ್ತು. ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಕೂತು ತಮ್ಮ ಸೀರೆಯ ಅಂಚಿಗೆ ಅಂಟಿಕೊಂಡಿದ್ದ ಬೀಜಗಳನ್ನು ಒಂದೊಂದೇ ಕಿತ್ತು ಪೊಟ್ಟಣ ಕಟ್ಟುತ್ತಿದ್ದರು. ಬೆಂಗಳೂರು ಬರುವ ತನಕ ಅದೇ ಕೆಲಸ.

ಬೇಲಿ ತೆಗೆಸಲಿಲ್ಲ. ಹಾಕಿಸಿದ ಖರ್ಚು ಕಣ್ಣೆದುರಿಗೆ ನಿಲ್ಲುತ್ತಿತ್ತು, ನಿಜ. ಸೋತೆ ಅಂತ ಒಪ್ಪಿಕೊಳ್ಳಬೇಕಲ್ಲ ಅನ್ನುವುದೂ ನಿಜ. ಒಂದು ಮಳೆಗಾಲ ಹಾಗೇ ಹೋಯಿತು. ಮೇಡಂ ಮತ್ತೆ ಕೇಳಲಿಲ್ಲ. ಬುಧವಾರ ಬಂದು, ಬೇರೆ ಊರುಗಳ ಮಾಲಿನಲ್ಲಿ ಮುಳ್ಳು ಆಯ್ದು, ಅರ್ಧ ಕಾಫಿ ಕುಡಿದು ಹೋಗುತ್ತಿದ್ದರು. ಆಮೇಲೆ ಬುಧವಾರಗಳು ತಪ್ಪತೊಡಗಿದವು. ಉಸಿರಾಟದ ತೊಂದರೆ ಅಂದರು. ಅವರು ತೀರಿಹೋದ ಸುದ್ದಿ ಅಕ್ಕನ ಮಗಳು ಫೋನ್ ಮಾಡಿ ಹೇಳುವ ಹೊತ್ತಿಗೆ ಎಲ್ಲಾ ಮುಗಿದಿತ್ತು. ಮನೆ ಖಾಲಿ ಮಾಡುವ ದಿನ ಹೋದೆ. ಅಲ್ಲಿಂದ ಮುಂದಿನದು ಮೊದಲೇ ಹೇಳಿದ್ದೇನೆ.

ಡಬ್ಬಗಳನ್ನು ಅಂಗಡಿಯಲ್ಲಿ ಗಾದಿ ಮೇಲೆ ಸುರಿದು ಓದುತ್ತಾ ಕೂತೆ. ಪ್ರತಿ ಪೊಟ್ಟಣದ ಮೇಲೂ ಊರು, ತಿಂಗಳು, ಮೇಲೊಂದು ಚಿಕ್ಕ ಷರಾ. "ಸೂಜಿಹುಲ್ಲು ಕಮ್ಮಿ." "ಕಂಬಳಿ ಇವತ್ತು ನಿಜ ಹೇಳಿದರು." ಮೂರನೇ ಡಬ್ಬದ ತಳದಲ್ಲಿ ಒಂದು ದಪ್ಪ ಪೊಟ್ಟಣ. ಮೇಲೆ: "ನನ್ನ ಸೀರೆ. ಕಂಬಳಿಯವರ ನಾಲ್ಕೆಕರೆ. ಕುರಿ ಇಲ್ಲದೆ ಇವು ಎಲ್ಲಿಗೆ ಹೋಗಬೇಕು? ಬೇಲಿ ನನ್ನ ತಪ್ಪೋ, ಉತ್ತಿದ್ದು ಅವರ ತಪ್ಪೋ, ಬಿಸಿಲೋ. ಬಿಡಿಸಲು ಆಗುತ್ತಿಲ್ಲ."

ನನಗೆ ವಿಚಿತ್ರವಾದ ಸಮಾಧಾನವಾಯಿತು. ಇಷ್ಟು ವರ್ಷ ಅವರಿಗೆ ಗೊತ್ತು, ನನಗೆ ಮಾತ್ರ ಅರ್ಥವಾಗುತ್ತಿಲ್ಲ ಅಂದುಕೊಂಡಿದ್ದೆ.

ಈ ಸಲ ಮುಂಗಾರಿಗೆ ಮೊದಲು ಈರಣ್ಣನಿಗೆ ಫೋನ್ ಮಾಡಿದೆ. ಕುರಿಗೆ ವ್ಯಾಪಾರಿ ಬಂದು ನೋಡಿಕೊಂಡು ಹೋಗಿದ್ದಾನೆ, ಮಾತು ಮುಗಿದಿಲ್ಲ ಅಂದ. "ಎರಡು ದಿನ ತಡಿ" ಅಂದೆ. ಹೋಗಿ ಮೊದಲು ಬೇಲಿಯ ಒಂದು ಮಗ್ಗುಲು ಬಿಚ್ಚಿಸಿದೆ, ಹಳೇ ದಾರಿ ಇದ್ದ ಕಡೆ. ಆಮೇಲೆ ಕಳೆದೆರಡು ವರ್ಷದ ಪೊಟ್ಟಣಗಳನ್ನು, ಸೀರೆಯದನ್ನೂ ಸೇರಿಸಿ, ಮರದ ನೆರಳಿನಲ್ಲಿ ಬಿಚ್ಚಿದೆ. ಹಳೆಯವು ಮೊಳೆಯುವುದಿಲ್ಲ ಅಂತ ಈರಣ್ಣನ ಹೆಂಡತಿ ಬೇರೆ ಮಾಡಿಟ್ಟಳು. ಒಂದೊಂದು ಕುರಿಯನ್ನು ಹಿಡಿದು, ಬೀಜವನ್ನು ಅದರ ಉಣ್ಣೆಗೆ ಉಜ್ಜಿ ಅಂಟಿಸಿದೆವು.

ಈರಣ್ಣನಿಗೆ ನಗು ತಡೆಯಲಾಗಲಿಲ್ಲ. "ಇಷ್ಟು ವರ್ಷ ಮುಳ್ಳೈತೆ ಅಂತ ಒಂದೊಂದು ಕಂಬ್ಳೀಗೂ ಬೆಲೆ ಮುರ್ಕಂಡ್ರಿ. ಈಗ ನೀವೇ ಅಂಟ್ಸಾಕೆ ಬಂದೀರಲ್ಲ ಸಾವ್ಕಾರ್ರೇ!"

"ಸುಮ್ನೆ ಹಿಡ್ಕೊಳಯ್ಯಾ. ಹುಟ್ಟುತ್ತಾ ಇದು?"

"ಮಳೆ ಬಂದು, ಬಿಸ್ಲು ಬುಟ್ಟು, ಕುರಿ ತಿಂದು ಮುಗಿಸ್ದೆ ಇದ್ರೆ. ಯಾರಿಗ್ಗೊತ್ತು?"

ಕುರಿಗಳು ಬಿಚ್ಚಿದ ಜಾಗದಿಂದ ಒಳಗೆ ನುಗ್ಗಿ, ಎಂಟೆಕರೆಯನ್ನು ದಾಟಿ, ಮೈಕೊಡವುತ್ತಾ ಕಾವಲಿನ ಕಡೆ ಹೋದವು. ಈರಣ್ಣ ವ್ಯಾಪಾರಿಗೆ ಫೋನ್ ಮಾಡಿ, "ಈ ಮಳೆಗಾಲ ಕಳೀಲಿ, ಆಮ್ಯಾಕೆ ಹೇಳ್ತೀನಿ" ಅಂದ. ಬೇಡ ಅನ್ನಲಿಲ್ಲ, ಗಮನಿಸಿ. ಒಂದು ಮಳೆಗಾಲ ಕೊಟ್ಟಿದ್ದಾನೆ, ನನಗೂ ನೆಲಕ್ಕೂ ಸೇರಿಸಿ. ಹದಿನೈದು ದಿನಕ್ಕೊಮ್ಮೆ ಫೋಟೋ ಕಳಿಸುತ್ತಾನೆ. ಒಂದರಲ್ಲಿ ಕುರಿ ನಡೆದ ಗೆರೆಯುದ್ದಕ್ಕೂ ಏನೋ ಹಸಿರು ಕಂಡ ಹಾಗಾಯಿತು. ಹುಲ್ಲೋ ನೆಗ್ಗಿಲೋ ಗೊತ್ತಾಗಲಿಲ್ಲ. ಹಿಗ್ಗಿಸಿ ನೋಡಿದೆ, ಆಗಲೂ ಗೊತ್ತಾಗಲಿಲ್ಲ. ಕೇಳೋಣ ಅಂದರೆ ಬುಧವಾರ ಯಾರೂ ಬರುವುದಿಲ್ಲ.

ಇಷ್ಟು ಓದಿದ ನಿಮಗೆ ಕೆಲಸಕ್ಕೆ ಬರುವ ಮಾತು ಹೇಳಿ ಮುಗಿಸುತ್ತೇನೆ. ಕಂಬಳಿಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ನೆರಳಿನಲ್ಲಿ ಒಣಗಿಸಿ. ಬಿಸಿನೀರಲ್ಲಿ ಉಜ್ಜಿ ನನ್ನ ಹತ್ತಿರ ಜಗಳಕ್ಕೆ ಬರಬೇಡಿ. ಯಾರಾದರೂ ಬಯಲುಸೀಮೆಯಲ್ಲಿ ಖಾಲಿ ಜಮೀನು ಇದೆ ಅಂತ ತೋರಿಸಿದರೆ, ಪಹಣಿ ನೋಡುವ ಮೊದಲು ಅದರ ಮೇಲೆ ಯಾರ ಕುರಿ ಹಾದುಹೋಗುತ್ತದೆ ಅಂತ ಕೇಳಿ. ಕೊಂಡರೆ ಒಂದು ವರ್ಷ ಏನೂ ಮಾಡದೆ ಕೈಕಟ್ಟಿ ಕೂತಿರಿ, ಅದು ನನ್ನಂಥವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಕಂಬಳಿ ಕೊಳ್ಳುವಾಗ ಕೈಗೆ ಮುಳ್ಳು ತಾಗಿದರೆ ಬೆಲೆ ಇಳಿಸಿ ಅನ್ನಬೇಡಿ. ಕಿತ್ತ ಮುಳ್ಳನ್ನು ಕಸಕ್ಕೂ ಹಾಕಬೇಡಿ. ಕಾಗದದಲ್ಲಿ ಮಡಚಿ, ಊರಿನ ಹೆಸರು ಬರೆದು, ಬುಧವಾರ ನನ್ನ ಅಂಗಡಿಗೆ ತನ್ನಿ. ಯಾವ ಗಿಡದ್ದು ಅಂತ ಕೇಳಿದರೆ ಗೊತ್ತಿಲ್ಲ ಅನ್ನುತ್ತೇನೆ; ಹೇಳುವುದು ಅಭ್ಯಾಸವಾಗುತ್ತಿದೆ. ಕಾಫಿ ಮಾತ್ರ ಅರ್ಧ ಲೋಟವೇ.